ಕತ್ತರಿಸಿದ ಕೊನೆಯ ನುಡಿ

ಶೈಲಾ ಮೇಡಂ ಜಮಖಂಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದಾರೆ. ಸಾಹಿತ್ಯ ಚರಿತ್ರೆಯ ಪಾಠ ಬಂದರೆ ಹುಡುಗರು ಆಕಳಿಸುತ್ತಿದ್ದರು. ಯಾವ ಕವಿ ಮೊದಲು, ಯಾರು ಆಮೇಲೆ ಎಂಬುದು ಪರೀಕ್ಷೆಯ ಮರುದಿನ ಯಾರ ತಲೆಯಲ್ಲೂ ಉಳಿಯುತ್ತಿರಲಿಲ್ಲ. ಕಳೆದ ವರ್ಷ ಕಾಲೇಜಿಗೆ ಸ್ಮಾರ್ಟ್ ಬೋರ್ಡ್ ಬಂದಾಗ ಮೇಡಂ ಬೇಸಿಗೆ ರಜೆಯಿಡೀ ಕುಳಿತು ಕಂಪ್ಯೂಟರಿನಲ್ಲಿ ಒಂದು ಕಾಲರೇಖೆ ಸಿದ್ಧಪಡಿಸಿದರು. ಉದ್ದದ ಗೆರೆ, ಅದರ ಮೇಲೆ ಶತಮಾನಗಳು, ಬೆರಳು ಒತ್ತಿದರೆ ತೆರೆದುಕೊಳ್ಳುವ ಕಾರ್ಡುಗಳು. ಪ್ರತಿ ಕಾರ್ಡಿನಲ್ಲೂ ಯಾರು, ಯಾವಾಗ, ಎಲ್ಲಿ ಎಂದು ಬರೆಯಬೇಕು. ಒಂದನ್ನು ಬಿಟ್ಟರೂ ಕಾರ್ಡು ಗೆರೆಯ ಮೇಲೆ ಕೂರುತ್ತಿರಲಿಲ್ಲ.

ಹುಡುಗರಿಗೆ ಇದು ಹಿಡಿಸಿತು. ವಚನಗಳ ಕಾಲಕ್ಕೂ ಕೀರ್ತನೆಗಳ ಕಾಲಕ್ಕೂ ನಡುವೆ ಎಷ್ಟು ದೂರವೆಂದು ಬೋರ್ಡಿನ ಮುಂದೆ ನಿಂತು ಗೇಣು ಹಾಕಿ ಅಳೆಯತೊಡಗಿದರು.

ಮೇಡಂ ತಮ್ಮ ಎಂ.ಫಿಲ್. ಪ್ರಬಂಧದ ಹನ್ನೆರಡು ಹಾಡುಗಳನ್ನೂ ಗೆರೆಯ ಮೇಲೆ ಹಾಕಿದ್ದರು. ಹದಿನೆಂಟನೆಯ ಶತಮಾನದ ಜಾಗದಲ್ಲಿ ಒಂದು ಬೀಸುವ ಹಾಡಿತ್ತು. ಯಾರು: ಅಜ್ಞಾತ. ಯಾವಾಗ: ಸುಮಾರು 1750. ಎಲ್ಲಿ: ಕೃಷ್ಣಾ ತೀರ. ಬೇಸಿಗೆಯಲ್ಲಿ ಬತ್ತುವ ಹೊಳೆಯನ್ನು ತವರಿಗೆ ಹೋದ ಸೊಸೆಯೆಂದು ಕರೆಯುವ ಹಾಡು ಅದು.

"ನಿಮ್ಮ ಮನಿಯಾಗ ಹಾಡು ಹೇಳಾವ್ರ ಇದ್ರ ರೆಕಾರ್ಡ್ ಮಾಡ್ಕೊಂಡು ಬರ್ರಿ. ಅದಕ್ಕೂ ಒಂದು ಕಾರ್ಡ್ ಮಾಡೋಣು" ಎಂದು ಮೇಡಂ ಹೇಳಿದ್ದರು. ಚಿಕ್ಕಪಡಸಲಗಿಯಿಂದ ಬಸ್ಸಿನಲ್ಲಿ ಬರುವ ಗಂಗಾಂಬಿಕಾ ಎಂಬ ಹುಡುಗಿ ಮೂರನೆಯ ದಿನ ಫೋನು ಹಿಡಿದು ಎದ್ದು ನಿಂತಳು.

"ಮೇಡಂರೀ, ನೀವು ಹಾಕಿದ ಹಾಡು ನಮ್ಮ ಆಯಿ ಹಾಡ್ತಾಳ್ರಿ. ಆಕೀದು ಇನ್ನೊಂದು ನುಡಿ ಜಾಸ್ತಿ ಐತ್ರಿ."

ಫೋನಿನಿಂದ ಮುದುಕಿಯೊಬ್ಬಳ ಧ್ವನಿ ಬಂತು:

ಸಿಮಿಟಿನ ಬುಟ್ಟಿ ಹೊತ್ತೇನ, ಬೆನ್ನಿಗೆ ಕೂಸ ಕಟ್ಟೇನ
ರೈತರು ಕೂಡಿ ತಡದಾರ – ಕೃಷ್ಣವ್ವ
ಇನ್ನೆಲ್ಲಿ ತವರು ನಿನಗಂದ್ರು

ಆ ಧ್ವನಿ ಮೇಡಂಗೆ ಗೊತ್ತಿತ್ತು. ಆ ನುಡಿಯೂ ಗೊತ್ತಿತ್ತು.

ಸಿದ್ದಾರೂಢ ಎಂಬ ಹುಡುಗ ಹಿಂದಿನ ಬೆಂಚಿನಿಂದ ನಕ್ಕ. "ಸಾವಿರದೇಳ್ನೂರಾ ಐವತ್ತರಾಗ ಸಿಮೆಂಟ್ ಎಲ್ಲಿತ್ತಲೇ? ನಿಮ್ಮ ಆಯಿ ತಾನ ಸೇರಿಸ್ಯಾಳ!" ತರಗತಿಯೆಲ್ಲ ನಕ್ಕಿತು. ಗಂಗಾಂಬಿಕಾ ಮೇಡಂ ಮುಖ ನೋಡಿದಳು.

"ಇಂಥಾದಕ್ಕ ಪ್ರಕ್ಷಿಪ್ತ ಅಂತಾರ" ಎಂದರು ಮೇಡಂ. "ಹಳೀ ಹಾಡಿಗೆ ಆಮ್ಯಾಲೆ ಯಾರೋ ಸೇರಿಸಿದ್ದು." ಹುಡುಗರು ಆ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಗಂಗಾಂಬಿಕಾಳೂ ಬರೆದುಕೊಂಡಳು.

ಇಪ್ಪತ್ತೆರಡು ವರ್ಷಗಳ ಹಿಂದೆ ಶೈಲಾ ಟೇಪ್ ರೆಕಾರ್ಡರ್ ಹಿಡಿದು ಚಿಕ್ಕಪಡಸಲಗಿಗೆ ಹೋಗಿದ್ದರು. ಭಾಗವ್ವ ಎಂಬ ಹೆಣ್ಣುಮಗಳು ಪಡಸಾಲೆಯಲ್ಲಿ ಕೂರಿಸಿ, ಜೋಳದ ರೊಟ್ಟಿ ಕೊಟ್ಟು, ಈ ಹಾಡು ಹೇಳಿದ್ದಳು. ಊರಿನ ರೈತರೇ ಕೂಡಿ ಹೊಳೆಗೆ ಬ್ಯಾರೇಜು ಕಟ್ಟಿದಾಗ ತಾನೂ ಬುಟ್ಟಿ ಹೊತ್ತದ್ದು, ಹೊರುತ್ತಲೇ ಹಾಡು ಕಟ್ಟಿದ್ದು, ಎಲ್ಲವನ್ನೂ ತಿಳಿಸಿದ್ದಳು. ಶೈಲಾರ ಪ್ರಬಂಧ ಕೃಷ್ಣಾ ತೀರದ ಹಳೆಯ ಹಾಡುಗಳ ಮೇಲಿತ್ತು. ಹನ್ನೆರಡು ಹಾಡು ಬೇಕಿತ್ತು, ಸಿಕ್ಕದ್ದು ಹನ್ನೊಂದು. ಒಪ್ಪಿಸಲು ಉಳಿದದ್ದು ಎರಡೇ ವಾರ. ಅವರು ಕೊನೆಯ ನುಡಿ ಬಿಟ್ಟರು, ಹೆಸರು ಬಿಟ್ಟರು, 'ಅಜ್ಞಾತ' ಎಂದು ಬರೆದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಪ್ರಬಂಧ ಮುಂದೆ ಪುಸ್ತಕವೂ ಆಯಿತು.

ಮರುದಿನ ಗಂಗಾಂಬಿಕಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಮೇಡಂರೀ, ಆಯಿಗೆ ಹೇಳಿದೆರಿ, ನಿಂದು ಪ್ರಕ್ಷಿಪ್ತ ಅಂತ. ಇರಲಿ ಬಿಡು, ಅವರು ಕಲತವರು ಅಂದ್ಲು. ಆ ಕಾರ್ಡ್ ಮಾಡೂದು ಬ್ಯಾಡ್ರಿ." ಅಷ್ಟು ಹೇಳಿ ಹೋದಳು. ಮೇಡಂಗೆ ಆ ದಿನ ಊಟದ ಡಬ್ಬಿ ಬಿಚ್ಚಲಾಗಲಿಲ್ಲ.

ಭಾನುವಾರ ಅವರು ಚಿಕ್ಕಪಡಸಲಗಿಗೆ ಹೋದರು. ಭಾಗವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಆಯಿ, ನನ್ನ ಗುರ್ತು ಹತ್ತಿತೇನ್ರಿ?"

"ಹತ್ತಲಾರದೇನ ತಂಗಿ. ಟೇಪು ತಂದಿದ್ದಿ. ನನ್ನ ಹೆಸರು ಬುಕ್ಕಿನ್ಯಾಗ ಬರತೈತಿ ಅಂದಿದ್ದಿ."

ಮೇಡಂ ಎಲ್ಲವನ್ನೂ ಒಪ್ಪಿಕೊಂಡರು. ನುಡಿ ಕತ್ತರಿಸಿದ್ದು, ಹೆಸರು ಬಿಟ್ಟದ್ದು, ಮೊನ್ನೆ ತರಗತಿಯಲ್ಲಿ ಮತ್ತೆ ಸುಳ್ಳು ಹೇಳಿದ್ದು. ಭಾಗವ್ವ ಶೇಂಗಾ ಸುಲಿಯುತ್ತಲೇ ಕೇಳಿದಳು.

"ಹೆಸರು ಬರಲಿಲ್ಲ, ಹೋಗಲಿ. ಆದ್ರ ನಿನ್ನ ಬುಕ್ಕು ನಮ್ಮೂರ ಲೈಬ್ರರಿಗೆ ಬಂತವ್ವ. ಭಜನಿ ಮ್ಯಾಳದ ಗಿರಿಮಲ್ಲಪ್ಪ ಓದಿ ಎಲ್ಲಾರ ಮುಂದ ಹೇಳಿದ, ಭಾಗವ್ವ ಹಳೀ ಹಾಡನ್ನ ತಾನ ಕಟ್ಟೀನಂತ ಹೇಳ್ತಾಳಂತ. ಓಣ್ಯಾಗ ಹೆಣ್ಮಕ್ಕಳು ನಕ್ರು. ಅವತ್ತಿಂದ ಹೊರಗ ಹಾಡಿಲ್ಲ ನಾ. ಮೊಮ್ಮಗಳು ಕಾಡಿದ್ಲಂತ ಮೊನ್ನಿ ಹಾಡೀನಿ."

ಇದು ಮೇಡಂಗೆ ಗೊತ್ತಿರಲಿಲ್ಲ.

"ಕಾರ್ಡಿನ್ಯಾಗ ನಿಮ್ಮ ಹೆಸರು ಹಾಕ್ತೇನ್ರಿ ಆಯಿ. ನಾಳೇನ ಹಾಕ್ತೇನಿ."

"ಅದು ನಿಮ್ಮ ಸಾಲ್ಯಾಗಿನ ಮಾತು. ನನಗ ಸುಳ್ಳಿ ಅಂದದ್ದು ಈ ಓಣ್ಯಾಗ. ಇಲ್ಲಿ ಹೇಳು."

ಸಂಜೆ ಗುಡಿಯ ಮುಂದೆ ಹತ್ತಿಪ್ಪತ್ತು ಜನ ಸೇರಿದರು. ಮೇಡಂ ಅವರೆದುರು ನಿಂತು, ಈ ಹಾಡು ಭಾಗವ್ವನದೇ ಎಂದರು.

ಗಿರಿಮಲ್ಲಪ್ಪ ಒಪ್ಪಲಿಲ್ಲ. "ಅಲ್ರೀ ಮೇಡಮ್ಮಾರ, ಛಾಪಾ ಆದ ಬುಕ್ಕಿನ್ಯಾಗ ಐತಲ್ರೀ?"

"ಆ ಬುಕ್ಕು ಬರದಾಕಿ ನಾನರಿ. ಖರೇ ಏನಂತ ಗೊತ್ತಿದ್ದೂ ಸುಳ್ಳು ಬರದೇನಿ."

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಗಿರಿಮಲ್ಲಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಭಾಗವ್ವನನ್ನು ಹಾಡೆಂದು ಯಾರೋ ಕರೆದರು. "ಇವತ್ತು ಒಲ್ಲೆ" ಎಂದು ಆಕೆ ಎದ್ದು ಮನೆಗೆ ಹೋದಳು.

ಸೋಮವಾರ ಮೇಡಂ ಹುಡುಗರ ಎದುರೇ ಆ ಕಾರ್ಡನ್ನು ಹದಿನೆಂಟನೆಯ ಶತಮಾನದಿಂದ ಎಳೆದು ಎಂಬತ್ತರ ದಶಕದ ಕೊನೆಗೆ ತಂದರು. ಯಾರು ಎಂಬಲ್ಲಿ ಭಾಗವ್ವ, ಎಲ್ಲಿ ಎಂಬಲ್ಲಿ ಚಿಕ್ಕಪಡಸಲಗಿ ಎಂದು ಬರೆದರು, ಕೊನೆಯ ನುಡಿ ಸೇರಿಸಿದರು. ಏನಾಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಸಿದ್ದಾರೂಢ ಮೆಲ್ಲಗೆ ಕೈ ಎತ್ತಿದ.

"ಮೇಡಂರೀ, ಉಳಿದ ಹನ್ನೊಂದು ಹಾಡು?"

ಮೇಡಂ ಬೋರ್ಡಿನ ಕಡೆ ತಿರುಗಿದರು. "ಮೂರರ ಬಗ್ಗೆ ನನಗೂ ಖಾತ್ರಿ ಇಲ್ಲ" ಎಂದರು. ಆ ಮೂರನ್ನೂ ಗೆರೆಯಿಂದ ತೆಗೆದರು. ವಿಶ್ವವಿದ್ಯಾಲಯಕ್ಕೂ ಎಲ್ಲ ಬರೆದು ಕಳಿಸಿದರು. ಇನ್ನೂ ಉತ್ತರ ಬಂದಿಲ್ಲ.

ಗಂಗಾಂಬಿಕಾ ಈಗಲೂ ಚೆನ್ನಾಗಿ ಓದುತ್ತಾಳೆ. ಮೊದಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಕಂಡರೆ ಓಡಿ ಬಂದು ಬಸ್ಸು ಬರುವ ತನಕ ಹರಟುತ್ತಿದ್ದಳು. ಈಗ ನಮಸ್ಕಾರ ಮಾಡಿ, ಬಸ್ಸು ಬರುವ ದಾರಿ ನೋಡುತ್ತ ನಿಲ್ಲುತ್ತಾಳೆ. ತಾವೇ ಹೋಗಿ ಮಾತಾಡಿಸಲು ಮೇಡಂಗೂ ಇನ್ನೂ ಧೈರ್ಯ ಬಂದಿಲ್ಲ.