ವಿಠ್ಠಲನ ಬೆನ್ನ ಹಿಂದಿನ ಗೋಡೆ

ಲಕ್ಷ್ಮೇಶ್ವರದ ವಿಠ್ಠಲ ಗುಡಿಯ ಹಿಂಗೋಡೆಗೂ ಅರ್ಚಕರ ಹೆಂಡತಿ ಭಾಗೀರಥಿಬಾಯಿಗೂ ಹಾವು ಮುಂಗುಸಿಯ ನಂಟು. ಮದುವೆಯಾಗಿ ಬಂದ ಮರುದಿನವೇ ಅತ್ತೆ ಕೈಗೆ ಕಸಬರಿಗೆ ಕೊಟ್ಟು ಗರ್ಭಗುಡಿಯ ಸುತ್ತ ಗುಡಿಸಲು ಹೇಳಿದ್ದರು. ಗುಡಿಸಿ ತಿರುಗಿ ನೋಡಿದರೆ ಗೋಡೆಯಿಂದ ಮತ್ತೆ ಬಿಳಿ ಪುಡಿ ಉದುರಿ ಬಿದ್ದಿತ್ತು. ಅಂದು ಶುರುವಾದ ಜಗಳ ಮುಗಿಯಲೇ ಇಲ್ಲ. ಮಿರಜದ ರಾಜರು ಹೋದರು, ಮುಂಬಯಿ ಸರಕಾರ ಬಂತು, ಈಗ ಅದನ್ನೂ ಬಿಟ್ಟು ಮೈಸೂರಿಗೆ ಸೇರುತ್ತೇವಂತೆ ಎಂದು ಕಟ್ಟೆಯ ಮೇಲೆ ಕೂತವರು ಮಾತಾಡುತ್ತಿದ್ದರು. ಗೋಡೆ ಯಾವ ಸರಕಾರಕ್ಕೂ ಸೊಪ್ಪು ಹಾಕದೆ ಉದುರುತ್ತಲೇ ಇತ್ತು.

ಬುಡಕ್ಕೆ ಕಲ್ಲು, ಮೇಲೆ ಇಟ್ಟಂಗಿ, ನಡುವೆ ಸುಣ್ಣದ ಗಚ್ಚು. ಇಟ್ಟಂಗಿಗಳು ಗಟ್ಟಿಯಾಗಿಯೇ ಇದ್ದವು. ಅವನ್ನು ಹಿಡಿದು ನಿಲ್ಲಿಸಿದ್ದ ಗಚ್ಚನ್ನು ಸವಳು ತಿನ್ನುತ್ತಿತ್ತು. ಮಳೆಗಾಲ ಮುಗಿದು ಗೋಡೆ ಆರತೊಡಗಿತೆಂದರೆ ಒಳಗಿನ ಉಪ್ಪು ಹೊರಬಂದು ಅರಳುವುದು, ಗಚ್ಚು ರವೆಯಾಗಿ ಉದುರುವುದು. ಅದರ ಮೇಲೆ ಸುಣ್ಣ ಬಳಿದು ದೀಪಾವಳಿ ಮಾಡಿದರೆ ಯುಗಾದಿಯ ಹೊತ್ತಿಗೆ ಮತ್ತೆ ಮೊದಲಿನ ಗತಿ. ಒಮ್ಮೆ ಗುಡಿಯ ಪಂಚರ ಹಿರಿಯ ವಾಸುದೇವರಾಯರು ಗದಗಿನಿಂದ ಸಿಮೆಂಟು ತರಿಸಿ ಬುಡಕ್ಕೆ ಮೆತ್ತಿಸಿದರು. ಕೆಳಗೆ ದಾರಿ ಸಿಗದ ತೇವ ಮೇಲಕ್ಕೇರಿ ಅಲ್ಲಿಯ ಗಚ್ಚನ್ನು ಉದುರಿಸತೊಡಗಿತು. ರಾಯರು ಆಮೇಲೆ ಒಂದು ವರ್ಷ ಆ ಕಡೆ ಪ್ರದಕ್ಷಿಣೆಯನ್ನೇ ಹಾಕಲಿಲ್ಲ.

ಹಾಳಾದ ಸಂದುಗಳನ್ನು ಕೆರೆದು ಹೊಸ ಗಚ್ಚು ತುಂಬುವವನು ಗೌಂಡಿ ಹೊಳೆಯಪ್ಪ. ಅವನು ಗಚ್ಚು ಕಲಸುತ್ತಿದ್ದುದು ಗುಡಿಯ ಬಾವಿಯ ನೀರಿನಲ್ಲಿ. ಆ ಬಾವಿಯದೋ ಬರೀ ಸವಳು ನೀರು.

"ಬ್ಯಾಳಿ ಬೇಯದ ನೀರಾಗ ಗ್ವಾಡಿ ನಿಂದ್ರತದ ಅಂತ ಯಾರು ಹೇಳ್ಯಾರೋ ನಿನಗ?" ಎಂದು ಭಾಗೀರಥಿಬಾಯಿ ಕೇಳಿದರೆ ಹೊಳೆಯಪ್ಪ ತಲೆ ಕೆರೆಯುತ್ತಿದ್ದ.

"ನಮ್ಮಪ್ಪನೂ ಇದ ನೀರಾಗ ಕಲಸ್ಯಾನ್ರಿ ಬಾಯಾರ. ದೇವರ ಗ್ವಾಡಿಗೆ ದೇವರ ಬಾವಿ ನೀರ ಆಗಬೇಕು."

"ಅದಕ್ಕ ನಿಮ್ಮಪ್ಪ ಕಟ್ಟಿದ್ದನ್ನ ನೀ ಕಟ್ಟಲಿಕತ್ತಿ. ನೀ ಕಟ್ಟಿದ್ದನ್ನ ನಿನ್ನ ಮಗ ಕಟ್ಟಲಿ."

ಗಂಡ ಶ್ರೀನಿವಾಸಾಚಾರ್ಯರ ಮುಂದೆ ಹೇಳಿದರೆ ಅದು ಇನ್ನೊಂದು ಕಥೆ. ಅವರು ಎಂದೂ ದನಿ ಏರಿಸಿದವರಲ್ಲ. ಆಕೆಯ ಸಿಟ್ಟಿಗೆ ಅರ್ಧ ಕಾರಣ ಗೋಡೆಯಾದರೆ ಇನ್ನರ್ಧ ಈ ಮನುಷ್ಯನ ಸಮಾಧಾನ. "ಆ ಬಾವಿ ತೀರ್ಥ ಅದ. ದೇವರ ಬೆನ್ನಿಗೆ ಇರೋ ಗ್ವಾಡಿಗೆ ಹೊರಗಿನ ನೀರು ನಡೆಯೂದಿಲ್ಲ," ಎಂದು ಹೇಳಿ ಸಂಧ್ಯಾವಂದನೆಗೆ ಕೂತುಬಿಡುತ್ತಿದ್ದರು. ಜಪಕ್ಕೆ ಕೂತವರ ಜೊತೆ ಎಷ್ಟೆಂದು ಜಗಳವಾಡುವುದು?

ಆ ವರ್ಷ ಯುಗಾದಿಯ ಹೊತ್ತಿಗೆ ವಾಸುದೇವರಾಯರು ಬಂದು ಗೋಡೆಯ ಸಂದಿಗೆ ಬೆರಳಿಟ್ಟರು. ಬೆರಳು ಪೂರ್ತಿ ಒಳಗೆ ಹೋಯಿತು.

"ಇದು ಬೀಳ್ತದ ಆಚಾರ್ರ," ಎಂದರು. "ಪ್ಯಾಟ್ಯಾಗಿನ ಕಾಳಿನ ವ್ಯಾಪಾರಸ್ಥರು ಹೊಸ ಗುಡಿ ಕಟ್ಟಿಸಿಕೊಡ್ತೀವಿ ಅಂತಾರ. ದೇವರನ್ನ ಅಲ್ಲಿಗೆ ಒಯ್ಯೋಣ. ಪೂಜಾಕ್ಕ ಅವರದೇ ಒಬ್ಬಾಂವ ಇದ್ದಾನ."

ಶ್ರೀನಿವಾಸಾಚಾರ್ಯರು ಅಂದು ಊಟ ಮಾಡಲಿಲ್ಲ. ಅಜ್ಜ ಮುತ್ತಜ್ಜರಿಂದ ಬಂದ ಪೂಜೆ. ಬೆಳಗಾದರೆ ವಿಠ್ಠಲನನ್ನು ಎಬ್ಬಿಸುವುದು, ರಾತ್ರಿಯಾದರೆ ಮಲಗಿಸುವುದು; ಅದನ್ನು ಬಿಟ್ಟು ಅವರಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಬಡಿಸಿದ ಎಲೆಯನ್ನು ಭಾಗೀರಥಿಬಾಯಿ ಹಾಗೆಯೇ ಎತ್ತಿಟ್ಟಳು. ಸಂಜೆಯೇ ರಾಯರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದಳು: "ದೀಪಾವಳಿತನಕ ತಡೀರಿ. ಅಷ್ಟರಾಗ ಮತ್ತ ಉಪ್ಪು ಅರಳಿದ್ರ ದೇವರನ್ನ ಒಯ್ರಿ. ನಾ ಅಡ್ಡ ಬರೂದಿಲ್ಲ." ರಾಯರು ಒಪ್ಪಿದರು.

ಆ ಬೇಸಿಗೆ ಆಕೆ ಕೆಲಸದ ಹತ್ತಿರದಿಂದ ಕದಲಲಿಲ್ಲ. ಕೊಳೆತ ಗಚ್ಚನ್ನೆಲ್ಲ ಕೆರೆಸಿದಳು. ಊರ ಹೊರಗೆ ಮೌಲಾಸಾಬನ ತೋಟದಲ್ಲಿ ಸಿಹಿನೀರಿನ ಬಾವಿಯಿತ್ತು. ಅಲ್ಲಿಂದ ಅವನದೇ ಬಂಡಿಯ ಮೇಲೆ ಪೀಪಾಯಿಗಳಲ್ಲಿ ನೀರು ತರಿಸಿದಳು. "ಒಯ್ರಿ ಬಾಯಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಬಿಸಲಾಗ ನನ್ನ ಎತ್ತು ಸಾಯತಾವು, ಮುಂಜಾನಿ ಹೊತ್ತಿನ್ಯಾಗ ಒಯ್ರಿ," ಎಂದು ಮೌಲಾಸಾಬ ಗೊಣಗಿದ. ಬೆಟಗೇರಿಯ ನೇಕಾರರು ಬಿಸಾಡಿದ ನೂಲಿನ ಗಂಟುಗಳನ್ನು ಆ ನೀರಿನಲ್ಲಿ ನೆನೆಸಿ ಗೋಡೆಗೆ ಮೆತ್ತಿಸಿದಳು. ಉಪ್ಪಿನಕಾಯಿ ಭರಣಿಗೆ ಕಟ್ಟಿದ ಅರಿವೆ ಒದ್ದೆಯಾಗಿ ಒಣಗಿದರೆ ಉಪ್ಪು ಅರಿವೆಗೆ ಬಂದು ಕೂರುತ್ತದೆ, ಅದು ಯಾವ ಹೆಂಗಸಿಗೆ ಗೊತ್ತಿಲ್ಲ? ನೂಲು ಒಣಗಿ ಬೆಳ್ಳಗಾದ ಮೇಲೆ ಕಿತ್ತು ದೂರ ಎಸೆದು, ಹೊಸದನ್ನು ನೆನೆಸಿ ಮೆತ್ತುವುದು. ಓಣಿಗೆಲ್ಲ ನಗೆಯೋ ನಗೆ. ಗ್ವಾಡಿಗೆ ಜ್ವರ ಬಂದದ, ಆಚಾರ್ರ ಹೆಂಡತಿ ಹಣಿಗೆ ಪಟ್ಟಿ ಹಾಕ್ಯಾಳ ಎಂದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳ್ಳದ ಉಸುಕನ್ನು ತೊಳೆಸಿದಳು, ಅಭಿಷೇಕದ ನೀರು ಬುಡದಲ್ಲಿ ನಿಲ್ಲದಂತೆ ಮೋರಿ ತೋಡಿಸಿದಳು. ಹೊಳೆಯಪ್ಪ ಪೀಪಾಯಿಯ ನೀರಿನಲ್ಲಿ ಗಚ್ಚು ಕಲಸಿ ಸಂದು ತುಂಬಿದ.

ಆಚಾರ್ಯರು ಒಂದು ಮಾತೂ ಎದುರಾಡಲಿಲ್ಲ. ಅಲ್ಲಿಯೇ ಆಕೆಗೆ ಅನುಮಾನ ಬರಬೇಕಿತ್ತು.

ಮಳೆಗಾಲ ಕಳೆಯಿತು. ಮೈಸೂರಿಗೆ ಸೇರಿದ ದಿನವೂ ದೀಪಾವಳಿಯೂ ಒಟ್ಟೊಟ್ಟಿಗೇ ಬಂದವು. ಶಾಲೆಯ ಮಕ್ಕಳು ಬಾವುಟ ಹಿಡಿದು ಓಣಿಯಲ್ಲಿ ಜಯಕಾರ ಹಾಕುತ್ತ ಹೋದರು. ಭಾಗೀರಥಿಬಾಯಿ ಎಣ್ಣೆ ನೀರು ಮುಗಿಸಿ, ದೀಪ ಹಿಡಿದು ಗುಡಿಯ ಹಿಂದಕ್ಕೆ ಹೋದಳು. ಹೊಸ ಗಚ್ಚಿನ ಸಂದು ಸಂದಿನಲ್ಲೂ ಬೆಳ್ಳಗೆ ಅರಳಿತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟಳು. ಉಪ್ಪು.

ಹಿಂದೆ ಆಚಾರ್ಯರು ಬಂದು ನಿಂತಿದ್ದರು. ಮುಖ ನೋಡಿದ ಕೂಡಲೇ ಆಕೆಗೆ ತಿಳಿಯಿತು.

"ಏನು ಮಾಡೀರಿ?"

"ದಿನಾ ನಸುಕಿನ್ಯಾಗ ನೀ ಏಳೂಕಿಂತ ಮೊದಲು ಸ್ನಾನ ಮಾಡಿ, ಪೀಪಾಯಿ ಅರ್ಧ ಚೆಲ್ಲಿ ನಮ್ಮ ಬಾವಿ ನೀರು ತುಂಬಸ್ತಿದ್ದೆ," ಎಂದರು ಮೆಲ್ಲಗೆ. "ಮಡಿ ಆಗಬೇಕಲ್ಲ."

ಭಾಗೀರಥಿಬಾಯಿಗೆ ಮೈಯೆಲ್ಲ ಉರಿದುಹೋಯಿತು. ಇಡೀ ಬೇಸಿಗೆ ಊರವರ ನಗೆ ನುಂಗಿದ್ದು ಇದಕ್ಕೇನು? "ನಿಮ್ಮ ಕೈಯಾರೆ ನಿಮ್ಮ ದೇವರನ್ನ ಪ್ಯಾಟಿಗೆ ಕಳಸಿದ್ರಲ್ಲ," ಎಂದಳು. "ನಾ ಯಾರ ಮುಂದ ಹೇಳಿಕೊಳ್ಳಲಿ?"

"ರಾಯರು ಬರೂದ್ರಾಗ ಒಂದು ಕೈ ಸುಣ್ಣ ಬಳದ್ರ..."

"ಬಳೀರಿ. ನಾ ಅಂತೂ ಮುಚ್ಚೂದಿಲ್ಲ."

ಆಚಾರ್ಯರು ಹಿತ್ತಾಳೆ ಕೊಡ ಎತ್ತಿಕೊಂಡು ಹೊರಟರು. ಮತ್ತೆ ಗುಡಿಯ ಬಾವಿಗೇ ಹೋದರೆಂದುಕೊಂಡು ಆಕೆ ಹಣೆ ಚಚ್ಚಿಕೊಂಡಳು.

ವಾಸುದೇವರಾಯರು ಬಂದಾಗ ಆಕೆ ಗೋಡೆ ತೋರಿಸಿದಳು. ರಾಯರು ನಿಟ್ಟುಸಿರಿಟ್ಟರು. "ಮಾತಂದ್ರ ಮಾತು, ಬಾಯಿ," ಎಂದರು. ಅಷ್ಟರಲ್ಲಿ ಓಣಿಯ ಜನ ಬಾಗಿಲಿಗೆ ಬಂದು ನೋಡತೊಡಗಿದ್ದರು. ಆಚಾರ್ಯರು ಒದ್ದೆ ಧೋತರದಲ್ಲಿ, ಹೆಗಲ ಮೇಲೆ ತುಂಬಿದ ಕೊಡ ಹೊತ್ತು, ಊರ ಹೊರಗಿನ ದಾರಿಯಿಂದ ಬರುತ್ತಿದ್ದರು. ಹಿಂದೆ ಗಾಬರಿಯಾಗಿ ಮೌಲಾಸಾಬ. ಅವನ ಬಾವಿಯಲ್ಲೇ ಸ್ನಾನ ಮಾಡಿ, ತಾವೇ ಸೇದಿ ತಂದಿದ್ದರು. ಯಾರ ಮುಖವನ್ನೂ ನೋಡದೆ ಗರ್ಭಗುಡಿಗೆ ಹೋಗಿ, ಮಂತ್ರ ಹೇಳುತ್ತ ಆ ನೀರನ್ನು ವಿಠ್ಠಲನ ತಲೆಯ ಮೇಲೆ ಹೊಯ್ದರು.

ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದು ಮೊದಲು ರಾಯರ ಕೈಗೆ ಹಾಕಿದರು. ರಾಯರು ಕುಡಿದರು.

"ಗ್ವಾಡೀದು ತಪ್ಪಿಲ್ಲ ರಾಯರ. ನೀರು ಕೆಡಿಸಿದಾಂವ ನಾನು. ದೇವರಿಗೆ ನಡೆದದ್ದು ಗ್ವಾಡಿಗೂ ನಡೀತದ. ಇನ್ನೊಂದು ಬ್ಯಾಸಿಗಿ ಕೊಡ್ರಿ." ಆ ಮನುಷ್ಯ ಯಾರ ಬಳಿಯೂ ಏನನ್ನೂ ಬೇಡಿದ್ದನ್ನು ಭಾಗೀರಥಿಬಾಯಿ ಅಂದಿನವರೆಗೆ ಕಂಡಿರಲಿಲ್ಲ.

ರಾಯರು ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. "ಆಗಲಿ. ಆದ್ರ ಈ ಸರ್ತಿ ಪೀಪಾಯಿ ಕಡೆ ನೀವು ಹಾಯಬ್ಯಾಡ್ರಿ," ಎಂದರು.

ಕೊನೆಗೆ ಆಚಾರ್ಯರು ಹೆಂಡತಿಯ ಮುಂದೆ ಬಂದರು. ಆಕೆ ಕೈಯೊಡ್ಡಿದಳು. ಎಷ್ಟೋ ವರ್ಷ ಉಪ್ಪು ತೀರ್ಥ ಕುಡಿದ ಬಾಯಿಗೆ ಸಿಹಿ ನೀರು ಬಿತ್ತು. ಕೊಡ ಹೊತ್ತ ಅವರ ಹೆಗಲು ಕೆಂಪಾಗಿ ಬಾತಿತ್ತು. ಆಕೆಯ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಬೈಯಲು ಬಾಯಿ ತೆರೆದಳು. ಆಚಾರ್ಯರು ಗಡಬಡಿಸಿ ಇನ್ನೊಂದು ಉದ್ಧರಣೆ ತೀರ್ಥ ಹಾಕಿದರು. ಭಾಗೀರಥಿಬಾಯಿ ಅದನ್ನೂ ಕಣ್ಣಿಗೊತ್ತಿಕೊಂಡು ಕುಡಿದು, ಆಮೇಲೆ ಓಣಿಯೆಲ್ಲ ಕೇಳುವ ಹಾಗೆ ಬೈದಳು.