ಸದ್ದಿಲ್ಲದ ಅಂಗಡಿ

ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಕೊಳ್ಳೇಗಾಲದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಪವರ್‌ಲೂಮುಗಳ ಆ ಗದ್ದಲಕ್ಕೆ ತಲೆ ಸಿಡಿದುಹೋಗುತ್ತಿತ್ತು. ಈಗ ಅದು ನಿಂತರೆ ನನಗೆ ಎಚ್ಚರವಾಗುತ್ತದೆ. ಸಾರಿಗೆ ಒಗ್ಗರಣೆ ಹಾಕುತ್ತಲೇ ಯಾವ ಮೂಲೆಯ ಮಗ್ಗ ನಿಂತಿತು ಎಂದು ಹೇಳಬಲ್ಲೆ. ನಮ್ಮ ಯಜಮಾನರು ಇದಕ್ಕೆ ಗೇಲಿ ಮಾಡುತ್ತಾರೆ, ಆದರೆ ಸದ್ದು ಬದಲಾದಾಗ ಮೊದಲು ನೋಡುವುದು ನನ್ನ ಮುಖವನ್ನೇ.

ಗೋಡೆಯಾಚೆಯ ಕೆಲಸವನ್ನು ಹೀಗೆ ಕಿವಿಯಲ್ಲೇ ನಡೆಸಿದ ಧೈರ್ಯದ ಮೇಲೆ ನಾನು ನಗರದ ಅಂಚಿನ ಶರವಣಂಪಟ್ಟಿಯಲ್ಲಿ ಒಂದು ಮೋಮೋ ಅಂಗಡಿಯ ಫ್ರಾಂಚೈಸಿ ತೆಗೆದುಕೊಂಡೆ. ಅಲ್ಲಿ ಐಟಿ ಕಂಪನಿಗಳಿವೆ, ಕಾಲೇಜುಗಳಿವೆ, ಸಂಜೆಯಾದರೆ ಹಸಿದ ಹುಡುಗ ಹುಡುಗಿಯರು ರಸ್ತೆ ತುಂಬಾ ಇರುತ್ತಾರೆ. ಮೋಮೋ, ರೋಲು ಎಲ್ಲವೂ ಕಂಪನಿಯಿಂದಲೇ ಹೆಪ್ಪುಗಟ್ಟಿದ ಪೊಟ್ಟಣಗಳಲ್ಲಿ ಬರುತ್ತವೆ. ಫ್ರೀಜರಿನಿಂದ ತೆಗೆಯುವುದು, ಬೇಯಿಸುವುದು ಇಲ್ಲವೇ ಕರಿಯುವುದು, ಕೊಡುವುದು. ನೀವು ಅಂಗಡಿಗೆ ಬರಲೇಬೇಕೆಂದಿಲ್ಲ ಮೇಡಂ, ಮನೆಯಲ್ಲಿ ಕೂತು ಫೋನಿನಲ್ಲಿ ನೋಡಿಕೊಂಡರೆ ಸಾಕು ಎಂದು ಕಂಪನಿಯವನು ಹೇಳಿದ. ಮನೆ, ಮಗ್ಗ, ಅತ್ತೆ ಎಂದು ಕಾಲು ಕಟ್ಟಿಹಾಕಿಕೊಂಡವಳಿಗೆ ಆ ಮಾತು ಜೇನಿನಂತೆ ಇಳಿಯಿತು.

ಅವನು ಹೇಳದೆ ಬಿಟ್ಟ ಸಂಗತಿಯೆಂದರೆ, ಅಂಗಡಿಯ ಕ್ಯಾಮೆರಾದಲ್ಲಿ ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ. ಎಣ್ಣೆ ಕುದಿಯುವುದು ಕಾಣುತ್ತದೆ, ಚುರ್ರೆನ್ನುವುದಿಲ್ಲ. ಜನ ಬಾಯಾಡಿಸುತ್ತಾರೆ, ನಗುತ್ತಾರೆ, ಬೈಯುತ್ತಾರೆ, ಯಾವುದು ಏನೆಂದು ತಿಳಿಯುವುದಿಲ್ಲ. ಮೊದಲ ದಿನವೇ ಫೋನಿನ ದನಿಯನ್ನು ಪೂರ್ತಿ ಏರಿಸಿ ಕಿವಿಗೆ ಹಿಡಿದು ನೋಡಿದೆ. ಕೇಳಿಸದ ಜಾಗದಲ್ಲಿ ಕೆಟ್ಟದ್ದು ನಡೆದರೆ ನನಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಅಂಗಡಿ ನೋಡಿಕೊಳ್ಳಲು ನೆಗಮಂ ಊರಿನ ಒಬ್ಬ ಹುಡುಗಿಯನ್ನು ಆರಿಸಿದೆ. ಕೈಮಗ್ಗದಲ್ಲಿ ಸೀರೆ ನೇಯುವವರ ಮಗಳು. ಅವಳಿಗಿಂತ ಹೆಚ್ಚು ಓದಿದವರು ಬಂದಿದ್ದರು. ಆದರೆ ಅತ್ತೆ, "ಮಗ್ಗದ ಮನೆ ಹುಡ್ಗಿ, ಒಳ್ಳೇ ಪೊಣ್ಣು, ಅವಳ್ನೇ ಇಟ್ಕೋ ಕಣ್ಣು" ಎಂದು ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಮುದ್ದಾಗಿ ಹೇಳಿದರು. ನನಗೂ ಹಾಗೇ ಅನ್ನಿಸಿತು. ನಮ್ಮವಳು ಎಂಬ ಧೈರ್ಯ.

ಹೋದ ವರ್ಷದ ಆಯುಧಪೂಜೆಗೆ ಅತ್ತೆ ಮೊದಲ ಸಲ ಅಂಗಡಿಗೆ ಹೋದರು. ಇಲ್ಲಿ ಶೆಡ್ಡಿನ ಪೂಜೆ ಇದ್ದುದರಿಂದ ನಾನು ಹೋಗಲಿಲ್ಲ, ಕಾರು ಮಾಡಿಕೊಟ್ಟೆ. ನಮ್ಮಲ್ಲಿ ಆ ದಿನ ಮಗ್ಗಗಳನ್ನೆಲ್ಲ ಒರೆಸಿ, ಗಂಧ ಕುಂಕುಮ ಇಟ್ಟು, ಕಡಲೆಪುರಿ ಹಂಚಿ, ಕೊನೆಗೆ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗಿಳಿಸುತ್ತಾರೆ. ಅದರ ಮೇಲೂ ಕುಂಕುಮ ಹಚ್ಚಿದ ಮೇಲೆ ಮಾರನೆಯ ದಿನ ಒಳ್ಳೆಯ ಹೊತ್ತು ನೋಡಿ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ.

ಮಧ್ಯಾಹ್ನ ಫೋನಿನಲ್ಲಿ ನೋಡಿದೆ. ಅತ್ತೆ ಒಲೆಗೆ, ಗಲ್ಲಾಪೆಟ್ಟಿಗೆಗೆ, ಉದ್ದನೆಯ ಫ್ರೀಜರಿಗೆ ಗಂಧವಿಟ್ಟರು. ನೆಗಮಂ ಹುಡುಗಿ ಕರ್ಪೂರ ಹಚ್ಚಿದಳು. ಆಮೇಲೆ ಅತ್ತೆ ಗೋಡೆಯ ಕಡೆ ನಡೆದರು, ಚಿತ್ರ ಮಾಯವಾಯಿತು. ನನಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. ಮೇನ್ ಇಳಿಸಿದರು, ಪೂಜೆ ಚೆನ್ನಾಗಿ ಮುಗಿಯಿತು ಎಂದುಕೊಂಡು ಫೋನು ಕೆಳಗಿಟ್ಟೆ. ಅತ್ತೆ ಹಿಂತಿರುಗಿ ಬಂದು ಕಾಲು ನೀಡಿ ಕೂತು, "ಮೆಷಿನ್ನಿಗೂ ಒಂದ್ ದಿನ ರೆಸ್ಟ್ ಬೇಡ್ವಾ? ವರ್ಷಪೂರಾ ಓಡ್ತದೆ, ಪಾವಂ" ಎಂದರು. ಹೌದತ್ತೆ ಎಂದೆ. ಮಗ್ಗದ ಮನೆಯ ಮೂವರು ಹೆಂಗಸರು, ಮೂವರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ವಿಜಯದಶಮಿ. ಬೆಳಗ್ಗೆ ಒಳ್ಳೆಯ ಹೊತ್ತಿಗೆ ನಮ್ಮ ಶೆಡ್ಡಿನಲ್ಲಿ ಸ್ವಿಚ್ಚು ಎತ್ತಿದರು. ಅದೇ ಹೊತ್ತಿಗೆ ನೆಗಮಂ ಹುಡುಗಿಯೂ ಅಂಗಡಿಗೆ ಹೋಗಿ ಎತ್ತಿ, ಬಾಗಿಲು ಹಾಕಿಕೊಂಡು ಹೋಗಿದ್ದಳು. ಮಧ್ಯಾಹ್ನದ ಹತ್ತಿರ ಅಂಗಡಿ ತೆರೆಯಿತು. ನಾನು ತೊಗರಿಬೇಳೆ ಆರಿಸುತ್ತಾ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ನೋಡುತ್ತಿದ್ದೆ.

ಮೊದಲು ಬಂದದ್ದು ಒಬ್ಬ ಹೆಂಗಸು ಮತ್ತು ಅವಳ ಪುಟ್ಟ ಮಗಳು. ಮಗುವಿಗೆ ಹಸಿರು ರೇಷ್ಮೆ ಲಂಗ, ಎರಡು ಜಡೆ, ತಲೆಗಿಂತ ದೊಡ್ಡದಾಗಿ ಕನಕಾಂಬರ. ಅಮ್ಮ ದುಡ್ಡು ಕೊಡುವಷ್ಟರಲ್ಲಿ ಅದು ಕುರ್ಚಿ ಹತ್ತಿ, ಕ್ಯಾಮೆರಾಕ್ಕೆ ನಾಲಿಗೆ ಚಾಚಿ ತೋರಿಸಿತು. ನಾನೂ ಬೇಳೆ ಬಿಟ್ಟು ಫೋನಿಗೆ ನಾಲಿಗೆ ಚಾಚಿದೆ.

ಅಷ್ಟರಲ್ಲಿ ನೆಗಮಂ ಹುಡುಗಿ ಫ್ರೀಜರಿನ ಮುಂದೆ ನೆಲ ಒರೆಸತೊಡಗಿದಳು. ಪೂಜೆಯ ಗಂಧ ಕುಂಕುಮ ಚೆಲ್ಲಿರಬೇಕು ಎಂದುಕೊಂಡೆ. ಒರೆಸಿ ಹಿಂಡಿದಳು, ಮತ್ತೆ ಒರೆಸಿದಳು. ನೆಲದ ಮೇಲೆ ಹೊಳೆಯುತ್ತಿದ್ದುದು ನೀರು. ಫ್ರೀಜರಿನ ಅಡಿಯಿಂದ ಬಂದ ನೀರು.

ಬೇಳೆಯ ಮೊರವನ್ನು ಪಕ್ಕಕ್ಕೆ ತಳ್ಳಿದೆ. ನಿನ್ನೆ ಮಧ್ಯಾಹ್ನದಿಂದ ಇವತ್ತು ಬೆಳಗಿನವರೆಗೆ ಆ ಫ್ರೀಜರಿಗೆ ಕರೆಂಟು ಇರಲಿಲ್ಲ. ಒಳಗಿದ್ದ ಪನೀರು, ಕೋಳಿ ಎಲ್ಲ ಕರಗಿ, ಬೆಳಗ್ಗೆಯಿಂದ ಮತ್ತೆ ಹೆಪ್ಪುಗಟ್ಟಿದೆ. ಮುಟ್ಟಿ ನೋಡಿದರೆ ತಣ್ಣಗೇ ಇರುತ್ತದೆ. ಯಾರಿಗೆ ಅನುಮಾನ ಬರಬೇಕು? ಮಗ್ಗಕ್ಕೆ ಕೊಡುವ ಬಿಡುವನ್ನು ನಾವು ಫ್ರೀಜರಿಗೂ ಕೊಟ್ಟಿದ್ದೆವು.

ಫೋನು ಮಾಡಿದೆ. ರಿಂಗಾಯಿತು, ಹುಡುಗಿ ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಬೀರುವಿನಲ್ಲಿರಬೇಕು ಎಂಬುದು ಕಂಪನಿಯ ಕಟ್ಟಳೆ, ಅದನ್ನು ಮುರಿದರೆ ಬೈಯುತ್ತಿದ್ದವಳೂ ನಾನೇ. ಮತ್ತೆ ಮಾಡಿದೆ. ಕ್ಯಾಮೆರಾದಲ್ಲಿ ಮಗು ಕುರ್ಚಿಯ ಮೇಲೆ ಕಾಲಾಡಿಸುತ್ತಾ ಕೂತಿತ್ತು. ಅಡುಗೆಯವನು ಪನೀರ್ ಮೋಮೋಗಳನ್ನು ಎಣ್ಣೆಗೆ ಬಿಡುತ್ತಿದ್ದ. "ಬೇಡ, ಬೇಡ ಕಣೋ" ಎಂದು ನಾನು ಅಡುಗೆಮನೆಯಲ್ಲಿ ಕಿರುಚಿದೆ. ಗೋಡೆಯಾಚೆ ಮಗ್ಗಗಳು ಬಡಿಯುತ್ತಲೇ ಇದ್ದವು, ನನ್ನ ಕೂಗು ನನಗೇ ಸರಿಯಾಗಿ ಕೇಳಿಸಲಿಲ್ಲ.

ಆಗ ಹೇಗೋ ತಲೆಗೆ ಹೊಳೆಯಿತು. ಮನೆಗೆ ಊಟ ತರಿಸುವ ಆ್ಯಪಿನಲ್ಲಿ ನಮ್ಮ ಅಂಗಡಿಗೇ ಆರ್ಡರು ಹಾಕಿದೆ. ಅಷ್ಟು ದೂರದ ನಮ್ಮೂರಿಗೆ ತರುವುದಿಲ್ಲವಾದ್ದರಿಂದ ತಲುಪಿಸಲು ಅಂಗಡಿಯ ಪಕ್ಕದ ವಿಳಾಸವನ್ನೇ ಕೊಟ್ಟೆ. ಖಾರ ಕಡಿಮೆ, ಈರುಳ್ಳಿ ಬೇಡ ಎಂದೆಲ್ಲ ಜನ ಬರೆಯುವ ಜಾಗದಲ್ಲಿ, ಒಲೆ ಆರಿಸು, ಯಾರಿಗೂ ಏನೂ ಕೊಡಬೇಡ, ನಾನು ಅಕ್ಕ ಎಂದು ತಮಿಳಿನಲ್ಲಿ ಬರೆದೆ. ಅವಸರಕ್ಕೆ ಅಕ್ಷರಗಳು ತಪ್ಪುತ್ತಿದ್ದವು, ಅಳಿಸಿ ಬರೆಯುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ದುಡ್ಡು ಕಟ್ಟಿ ಕ್ಯಾಮೆರಾಕ್ಕೆ ಮರಳಿದಾಗ ಹೆಂಗಸು ಪೊಟ್ಟಣ ಹಿಡಿದು ಬಾಗಿಲು ದಾಟುತ್ತಿದ್ದಳು. ಹಸಿರು ಲಂಗ ಅವಳ ಹಿಂದೆ ಕುಣಿಯುತ್ತಾ ಹೋಯಿತು.

ಆಮೇಲೆ ಬಿಲ್ಲಿನ ಯಂತ್ರದಿಂದ ಕಾಗದ ಹೊರಬಂತು. ನೆಗಮಂ ಹುಡುಗಿ ಅದನ್ನು ಹರಿದು ಓದಿದಳು. ತಲೆಯೆತ್ತಿ ಕ್ಯಾಮೆರಾವನ್ನು ನೋಡಿದಳು. ಆ ಮುಖವನ್ನು ನಾನು ಮರೆತಿಲ್ಲ. ಒಲೆ ಆರಿಸಿ, ಬೀರು ತೆರೆದು ಫೋನು ಮಾಡಿದಳು.

"ಅಕ್ಕಾ, ಎನ್ನಾಚ್ಚುಕ್ಕಾ?"

ಏನಾಯಿತು ಎಂಬ ಅವಳ ಪ್ರಶ್ನೆಗೆ ಫ್ರೀಜರ್ ಎಂದೆ. ಮೇನ್ ಎಂದೆ. ಅಷ್ಟು ಸಾಕಾಯಿತು. "ಅಯ್ಯೋ, ಅಂದ ಪಾಪಾ!" ಎಂದು ಫೋನನ್ನು ಮೇಜಿನ ಮೇಲೆ ಎಸೆದು, ಆ ಮಗುವನ್ನು ಹುಡುಕಿಕೊಂಡು ರಸ್ತೆಗೆ ಓಡಿದಳು. ನಾನು ಗಿರಾಕಿಗಳಿಲ್ಲದ ಅಂಗಡಿಯನ್ನು ನೋಡುತ್ತಾ ಕೂತೆ. ತುಂಬಾ ಹೊತ್ತಾದ ಮೇಲೆ ಒಬ್ಬಳೇ ಬಂದು, ಕ್ಯಾಮೆರಾದ ಕೆಳಗೆ ನಿಂತು, ಇಲ್ಲವೆಂದು ತಲೆಯಾಡಿಸಿದಳು.

ಫ್ರೀಜರಿನಲ್ಲಿದ್ದುದನ್ನೆಲ್ಲ ಅವತ್ತೇ ಬಿಸಾಡಿಸಿದೆ. ಆದರೆ ಆ ಒಂದು ಪೊಟ್ಟಣ ಹೋಗಿತ್ತು. ನೇಯ್ಗೆಯಲ್ಲಿ ತಪ್ಪಾದರೆ ಬಟ್ಟೆ ಹಿಂದಕ್ಕೆ ಬರುತ್ತದೆ, ವ್ಯಾಪಾರಿ ಬೈಯುತ್ತಾನೆ, ಮುಗಿಯಿತು. ತಿಂದದ್ದು ಹಿಂದಕ್ಕೆ ಬರುವುದಿಲ್ಲ. ಆ ಹೆಂಗಸು ನಗದು ಕೊಟ್ಟಿದ್ದಳು, ಫೋನ್ ನಂಬರಿಲ್ಲ, ಮನೆಯೆಲ್ಲೆಂದು ಯಾರಿಗೂ ತಿಳಿಯದು. ಮಗು ವಾಂತಿ ಮಾಡುತ್ತಿದೆಯೇ, ಜ್ವರ ಬಂದಿದೆಯೇ, ಅಮ್ಮನೂ ತಿಂದು ಮಲಗಿದ್ದಾಳೆಯೇ? ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನ ಅಂಗಡಿಯ ಹತ್ತಿರದ ಒಂದು ಆಸ್ಪತ್ರೆಗೆ ಫೋನು ಮಾಡಿ, ಹಸಿರು ಲಂಗದ ಸಣ್ಣ ಹುಡುಗಿಯನ್ನು ಹೊಟ್ಟೆ ಕೆಟ್ಟು ಯಾರಾದರೂ ತಂದಿದ್ದಾರೆಯೇ ಎಂದು ಕೇಳಿದೆ. ಮಗುವಿನ ಹೆಸರೇನೆಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. "ನೀವು ಮಗುವಿಗೆ ಏನಾಗಬೇಕು?" ಎಂದರು. ಫೋನಿಟ್ಟುಬಿಟ್ಟೆ.

ಅತ್ತೆ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನಗೆ ಹೆದರಿಕೆ ಸಿಟ್ಟಾಗಿ ತಿರುಗಿತು. "ನಿಮ್ಮ ಪೂಜೆ ಒಂದು ಮಗುವಿನ ಜೀವ ತೆಗೆದರೆ ಏನು ಮಾಡ್ತೀರಿ ಅತ್ತೆ?" ಎಂದೆ. ಬೇರೆ ದಿನವಾಗಿದ್ದರೆ ಮನೆ ಎದ್ದುಹೋಗುತ್ತಿತ್ತು. ಅತ್ತೆ ತಮ್ಮ ಬಲಗೈಯನ್ನೇ ನೋಡಿಕೊಂಡು, "ಈ ಕೈಯೇ ಇಳ್ಸಿದ್ದು" ಎಂದರು. ನನಗೆ ಅಳು ಬಂತು.

ಅಂದಿನಿಂದ ಅತ್ತೆ ಮಧ್ಯಾಹ್ನದ ನಿದ್ದೆ ಬಿಟ್ಟರು. ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಕೂತು ಫೋನಿನೊಳಗೆ ಕಣ್ಣಿಟ್ಟಿರುತ್ತಿದ್ದರು. ಬಾಗಿಲಲ್ಲಿ ಯಾವ ಮಗು ಕಂಡರೂ, "ಬಂದ್ಲಾ?" ಎನ್ನುವರು. "ಇವಳಲ್ಲ ಅತ್ತೆ" ಎನ್ನುವೆ. ಕಂಪನಿಯವರು ಏನಾದರೂ ಅಂದುಕೊಳ್ಳಲಿ ಎಂದು ಕೌಂಟರಿನ ಮೇಲೆ ಒಂದು ಫೋನು ಇಡಿಸಿದ್ದೆ. ನೆಗಮಂ ಹುಡುಗಿಯೂ ದಿನಾ ಬೀದಿಬೀದಿ ವಿಚಾರಿಸಿ ಬರುತ್ತಿದ್ದಳು. ಶಾಲೆಗಳು ಮತ್ತೆ ತೆರೆದು ವಾರಗಳು ಕಳೆದವು. ಆ ಮಗು ಬರಲಿಲ್ಲ.

ದೀಪಾವಳಿಯ ಹೊಸ್ತಿಲಲ್ಲಿ ಒಂದು ಸಂಜೆ ಒಬ್ಬ ಮುದುಕರು ಪುಟ್ಟ ಹುಡುಗಿಯ ಕೈಹಿಡಿದು ಒಳಗೆ ಬಂದರು. ಶಾಲೆಯ ಬಟ್ಟೆ, ಜಡೆಯಲ್ಲಿ ಹೂವಿಲ್ಲ. ನಾನು ಹೌದೋ ಅಲ್ಲವೋ ಎನ್ನುತ್ತಿರುವಾಗಲೇ ಅದು ಕುರ್ಚಿ ಹತ್ತಿ ಕ್ಯಾಮೆರಾಕ್ಕೆ ನಾಲಿಗೆ ಚಾಚಿತು.

"ಇವಳೇ ಅತ್ತೆ!"

ಅತ್ತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಆದರೆ ಮರುಗಳಿಗೆಯಲ್ಲೇ ಇಬ್ಬರೂ ಅಂಗಡಿಯ ಬಾಗಿಲ ಕಡೆ ನೋಡಿದೆವು. "ಅಮ್ಮ ಎಲ್ಲೇ?" ಎಂದರು ಅತ್ತೆ. ಜೊತೆಗೆ ಅಮ್ಮ ಇರಲಿಲ್ಲ. ಮುದುಕರ ಮುಖ ನೋಡಿದೆ, ದುಃಖವೋ ದಣಿವೋ ತಿಳಿಯಲಿಲ್ಲ. ಅಂಗಡಿಗೆ ಫೋನು ಮಾಡಿ, "ಮಗುವಿನ ಅಮ್ಮ ಎಲ್ಲಿ ಕೇಳು, ಫೋನು ಮಗುವಿನ ಹತ್ತಿರ ಹಿಡಿ" ಎಂದೆ. ನೆಗಮಂ ಹುಡುಗಿ ಬಗ್ಗಿದಳು.

"ಅಮ್ಮಾ ಎಂಗೆ ಪಾಪಾ?"

ಫೋನಿನಲ್ಲಿ ಎಣ್ಣೆಯ ಚುರುಚುರು, ಕುರ್ಚಿ ಎಳೆದ ಸದ್ದು. ನಮ್ಮ ಅಂಗಡಿಯ ಎಣ್ಣೆ ಕುದಿಯುವುದನ್ನು ಮನೆಯಲ್ಲಿ ಕೂತು ಕೇಳಿದ್ದು ಅದೇ ಮೊದಲು. ಆಮೇಲೆ ಕೀಚು ದನಿಯೊಂದು ಹೇಳಿತು: "ಅಮ್ಮಾ ವಂಡಿ ನಿರುತ್ತುದು."

ಅಮ್ಮ ಗಾಡಿ ನಿಲ್ಲಿಸುತ್ತಿದ್ದಾಳಂತೆ. ಹೇಳಿ ಮುಗಿಸುವಷ್ಟರಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಕೂದಲು ಸರಿಮಾಡಿಕೊಳ್ಳುತ್ತಾ ಅವಳು ಒಳಗೆ ಬಂದಳು. ಅಂದಿನಂತೆಯೇ, ಏನೂ ಆಗದವಳಂತೆ, ಪನೀರ್ ಮೋಮೋದ ಚಿತ್ರದ ಮೇಲೆ ಬೆರಳಿಟ್ಟಳು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಅಡುಗೆಯವನು ಫ್ರೀಜರಿನ ಮುಚ್ಚಳ ಎತ್ತಿದ. ಅಷ್ಟೇ, ಮತ್ತೆ ಅದೇ ಹೆದರಿಕೆ. "ನಿಲ್ಲಿಸು, ಇನ್ನೂ ಕೊಡಬೇಡ" ಎಂದೆ. ನೆಗಮಂ ಹುಡುಗಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮುಚ್ಚಳ ಹಾಕಿಸಿ, ಫೋನನ್ನು ಫ್ರೀಜರಿನ ಮೋಟಾರಿನ ಹತ್ತಿರ ಹಿಡಿದಳು. ಶೆಡ್ಡಿನ ಗದ್ದಲದಲ್ಲಿ ಮೋಟಾರಿನ ಸಣ್ಣ ಸದ್ದು ನನಗೆ ಕೇಳಿಸಲಿಲ್ಲ. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಹೊಸ ಮಗ್ಗ ಓಡಿಸಿ ನೋಡುವಾಗ ನಿಲ್ಲುವ ಹಾಗೆಯೇ ಕಣ್ಣು ಮುಚ್ಚಿ ನಿಂತರು.

"ಓಡ್ತದೆ ಕಣ್ಣು," ಎಂದರು. "ಕೊಡೋಕೆ ಹೇಳು. ಕೂಸಿಗೆ ಹಸಿವಾಗ್ತದೆ."