ಬಲಮೂಲೆಯ ಖಾಲಿ ಜಾಗ

ಇವತ್ತು ಬೆಳಿಗ್ಗೆ ಯಾದವಗಿರಿಯ ಜೆರಾಕ್ಸ್ ಅಂಗಡಿಯಲ್ಲಿ ಅತ್ತೆಯವರ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲು ನಿಂತಿದ್ದೆ. ಪ್ಲಾಸ್ಟಿಕ್ಕು ಬಿಸಿಯಾಗಿ ಯಂತ್ರದಿಂದ ಹೊರಗೆ ಬರುವಾಗ ಒಂದು ವಾಸನೆ ಬರುತ್ತದಲ್ಲ, ಇಸ್ತ್ರಿಪೆಟ್ಟಿಗೆಗೆ ಮೇಣ ತಗುಲಿದ ಹಾಗೆ... ಆ ವಾಸನೆಗೆ ಸೋಷಿಯಲ್ ಮಿಸ್ಸು ನೆನಪಾದರು.

ಆಗ ನಾನು ಮೇಟಗಳ್ಳಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ದೊಡ್ಡ ಕೆಲಸವೇನಲ್ಲ. ಬೆಳಿಗ್ಗೆ ಹೋದ ಕೂಡಲೇ ಕಂಪ್ಯೂಟರುಗಳ ಹೊದಿಕೆ ತೆಗೆದು ಮಡಚಿಡುವುದು, ಕೀಬೋರ್ಡಿನ ಸಂದಿಯಿಂದ ಚಕ್ಕುಲಿ ಚೂರು ಕೊಡವುವುದು, ಶುಕ್ರವಾರ ಶುಕ್ರವಾರ ಮಕ್ಕಳು ಮಾಡಿದ್ದನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಕಳಿಸುವುದು. ಮಿಸ್ಸು ಆ ವರ್ಷವೇ ಸೇರಿದ್ದರು. ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ವಾರಕ್ಕೊಂದು ಪೀರಿಯಡ್ಡು ಎಂಟನೇ ಕ್ಲಾಸನ್ನು ಲ್ಯಾಬಿಗೆ ಕರೆತಂದು, ಪೋಸ್ಟರ್ ಮಾಡುವ ಆ್ಯಪ್ ತೆರೆಸಿ, "ನಿಮ್ಮಜ್ಜಿನೂ ನಂಬ್ಬುಡಬೇಕು, ಅಂಥ ಸುಳ್ಳು ಸುದ್ದಿ ಮಾಡಿ ನೋಡೋಣ" ಅನ್ನುತ್ತಿದ್ದರು. ಸುಳ್ಳನ್ನು ಸ್ವಂತ ಕೈಯಲ್ಲಿ ಮಾಡಿದ ಮಕ್ಕಳಿಗೆ ಬೇರೆಯವರು ಮಾಡಿದ ಸುಳ್ಳು ಕಣ್ಣಿಗೆ ಬೀಳುತ್ತದೆ ಅನ್ನುವುದು ಅವರ ನಂಬಿಕೆ. ಯಾವ ಬಣ್ಣಕ್ಕೆ ಹೆದರಿಕೆ ಹುಟ್ಟುತ್ತದೆ, ಯಾವ ಅಕ್ಷರ ಸರ್ಕಾರಿ ಕಾಗದದ ಹಾಗೆ ಕಾಣುತ್ತದೆ, ಇವೆಲ್ಲ ಅಲ್ಲೇ ಕಸ ಗುಡಿಸುತ್ತಾ ನಾನೂ ಕಲಿತೆ.

ಒಂದೇ ಒಂದು ಕಟ್ಟಳೆ. ಪೋಸ್ಟರಿನ ಬಲಮೂಲೆ ಖಾಲಿ ಬಿಡಬೇಕು. ಅಲ್ಲಿ "ಇದು ಪಾಠ, ನಿಜವಲ್ಲ" ಅನ್ನುವ ಕೆಂಪು ಮುದ್ರೆ ಬೀಳಬೇಕು. ಆ ಮುದ್ರೆ ಬೇರೆಯೇ ಒಂದು ಪದರ; ಒಂದು ಗುಂಡಿ ಒತ್ತಿದರೆ ಮಾಯ, ಮತ್ತೊಮ್ಮೆ ಒತ್ತಿದರೆ ಹಾಜರು. "ಹಾಲಿನ ಮೇಲೆ ಕೆನೆ ಇದ್ದ ಹಾಗೆ ಕಣ್ರೀ" ಅಂತ ನನಗೆ ತಿಳಿಸಿ ಹೇಳಿದ್ದರು. ಪ್ರತಿ ಕಂಪ್ಯೂಟರಿನ ಪಕ್ಕ ಮೂರು ಪ್ರಶ್ನೆಗಳ ಒಂದು ಕಾರ್ಡು. ಶಾಲೆ ಬಿಟ್ಟ ಮೇಲೆ ನಾವಿಬ್ಬರೇ ಕೂತು ಅವನ್ನೆಲ್ಲ ಲ್ಯಾಮಿನೇಷನ್ ಮಾಡಿದ್ದೆವು. ಯಾರು ಹೇಳಿದ್ದು? ಬೇರೆ ಎಲ್ಲಾದರೂ ಇದೆಯಾ? ಕಳಿಸುವ ಮುಂಚೆ ಇನ್ನೊಮ್ಮೆ ನೋಡಿದೆಯಾ? ದಿನಾ ಒದ್ದೆ ಬಟ್ಟೆಯಲ್ಲಿ ಆ ಕಾರ್ಡುಗಳನ್ನು ಒರೆಸಿದವಳು ನಾನೇ.

ಆ ಶುಕ್ರವಾರ ಕೊನೇ ಪೀರಿಯಡ್ಡು. ಒಬ್ಬ ಹುಡುಗಿ "ನಾಳೆಯಿಂದ ಮೂರು ದಿನ ನೀರು ಬರುವುದಿಲ್ಲ" ಅಂತ ಪೋಸ್ಟರ್ ಮಾಡಿದ್ದಳು. ಎಷ್ಟು ಅಚ್ಚುಕಟ್ಟು ಅಂದರೆ, ನೀಲಿ ಗೆರೆ, ಕೆಳಗೊಂದು ಸಹಿ ಬೇರೆ. ಮಿಸ್ಸು ಎಲ್ಲರನ್ನೂ ಕರೆದು, "ಈಗ ಮುದ್ರೆ ತೆಗೀತೀನಿ, ನೋಡಿ" ಅಂತ ಗುಂಡಿ ಒತ್ತಿದರು. ಮಕ್ಕಳೆಲ್ಲ ಸ್ಕ್ರೀನಿಗೆ ಮುತ್ತಿಕೊಂಡರು. ಅಷ್ಟರಲ್ಲಿ ಬೆಲ್ಲು. ಸ್ಕೂಲ್ ಬಸ್ಸಿನ ಹತ್ತಿರ ಅವರಿಗೆ ಡ್ಯೂಟಿ, ಓಡಿದರು. ನನಗೂ ಬಸ್ಸು ತಪ್ಪಬಾರದು, ಮನೆಯಲ್ಲಿ ಅವರೆಕಾಳು ನೆನೆಹಾಕಿ ಬಂದಿದ್ದೆ, ಹಿಚುಕಬೇಕಿತ್ತು. ಮಕ್ಕಳ ಪೋಸ್ಟರುಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿ ಪೋಷಕರ ಗ್ರೂಪಿಗೆ ಕಳಿಸಿಬಿಟ್ಟೆ. ತೆರೆದು ನೋಡಲಿಲ್ಲ.

ಸಂಜೆ ಕಾಳು ಹಿಚುಕುತ್ತಾ ಕೂತಿದ್ದಾಗ ಅದು ನನ್ನ ಫೋನಿಗೇ ವಾಪಸು ಬಂತು. ಗೋಕುಲಂನಲ್ಲಿರುವ ತಂಗಿ ಕಳಿಸಿದ್ದಳು: "ಅಕ್ಕಾ, ಬೇಗ ತುಂಬಿಸ್ಕೊ." ಬಲಮೂಲೆ ಖಾಲಿ ಇತ್ತು. ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ಗ್ರೂಪಿನಿಂದ ಅಳಿಸಿದೆ, ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲಿಗೋ ಹೋಗಿಯಾಗಿತ್ತು. ಮಿಸ್ಸಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು, "ನೀವು ಊಟ ಮಾಡಿ. ನಾನು ನೋಡ್ಕೋತೀನಿ" ಅಂದರು. ಅರ್ಧ ಗಂಟೆಯಲ್ಲಿ "ಹಿಂದಿನದು ಸುಳ್ಳು" ಅಂತ ಇನ್ನೊಂದು ಪೋಸ್ಟರ್ ಮಾಡಿ ಕಳಿಸಿದರು.

ಅದನ್ನು ತಂಗಿಗೆ ಕಳಿಸಿದರೆ ಅವಳು, "ಅಯ್ಯೋ, ಇದೇ ಫೇಕು ಕಣಕ್ಕ. ಮೊದಲ್ನೇದು ನೋಡು ಎಷ್ಟು ನೀಟಾಗಿದೆ, ಸಹಿನೂ ಇದೆ" ಅಂದಳು.

"ಅದನ್ನ ಮೊದಲು ಕಳಿಸಿದ್ದೇ ನಾನು ಕಣೇ!"

"ಓಹೋ, ಮುಂಚೆನೇ ಗೊತ್ತಿತ್ತಾ? ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಫೋನ್ ಕೆಳಗಿಟ್ಟು ಕಾಳಿನ ಪಾತ್ರೆ ಹತ್ತಿರ ಎಳೆದುಕೊಂಡೆ.

ನಮ್ಮದು ಆರು ಮನೆಗಳ ಕಟ್ಟಡ, ಮೇಲೆ ಒಂದೇ ಟ್ಯಾಂಕು. ಡ್ರಮ್ಮು, ಹಂಡೆ, ಇಡ್ಲಿ ಪಾತ್ರೆ, ಮಗುವಿನ ಟಬ್ಬು, ಎಲ್ಲದಕ್ಕೂ ಎಲ್ಲರೂ ನೀರು ತುಂಬಿಸಿದರು. ಬೆಳಗಾಗುವಾಗ ನಲ್ಲಿ ನೀರು ದಾರದಷ್ಟಾಗಿ, ಆಮೇಲೆ ಬರೀ ಗಾಳಿ. "ನೋಡಿದ್ರಾ, ನಿಂತೇ ಹೋಯ್ತು" ಅಂದರು ಕೆಳಗಿನ ಮನೆಯವರು. ಶಾಲೆಯ ಸುತ್ತಲೂ ಇದೇ ಕಥೆ.

ಸೋಮವಾರ ಹೆಡ್ ಮಿಸ್ ಕೋಣೆ ತುಂಬಾ ಪೋಷಕರು. ಒಬ್ಬ ತಾಯಿ, ಮನೆಯಲ್ಲಿ ಬಾಣಂತಿ ಮಗಳು, ಎರಡು ದಿನ ಕೊಡ ಹೊತ್ತು ಬೀದಿ ಬೀದಿ ಅಲೆದದ್ದನ್ನು ಹೇಳುತ್ತಾ ಅತ್ತರು. ನಾನು ಮುಂದೆ ಹೋಗಿ, "ಕಳಿಸಿದ್ದು ನಾನು, ಅವರದ್ದೇನೂ ಇಲ್ಲ" ಅಂದೆ.

"ನೀವು ಸುಮ್ನಿರ್ರಿ" ಅಂದರು ಹೆಡ್ ಮಿಸ್. "ಕಳಿಸಿದ್ದು ನೀವಿರಬಹುದು. ಮಕ್ಕಳಿಗೆ ಸುಳ್ಳು ಮಾಡೋದನ್ನ ಕಲಿಸಿದ್ದು ಯಾರು?"

ಮಿಸ್ಸು ನನ್ನ ಕಡೆ ನೋಡಲಿಲ್ಲ. "ಮುದ್ರೆ ತೆಗೆದವಳು ನಾನೇ" ಅಂದರು, ಅಷ್ಟೇ. ಆ ತಾಯಿಯ ಹತ್ತಿರ ಹೋಗಿ ಕೈ ಮುಗಿದರು.

ತಿಂಗಳ ಕೊನೆಗೆ ಮಿಸ್ಸನ್ನು ಕೆಲಸದಿಂದ ಬಿಡಿಸಿದರು. ನನ್ನ ಕೆಲಸ ಉಳಿಯಿತು. ಹೋಗುವ ದಿನ ಕಾರ್ಡುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ನನ್ನ ಮೇಜಿನ ಮೇಲಿಟ್ಟು, "ಒರೆಸ್ತಾ ಇರಿ, ಧೂಳು ಕೂರುತ್ತೆ" ಅಂದರು. ಬೈಯಬಹುದಿತ್ತು ಒಂದು ಸಲ... ಬೈಯಲಿಲ್ಲ. ಮುಂದಿನ ವರ್ಷ ಆ ಕಾರ್ಡುಗಳೂ ಹಳೇ ಪೇಪರಿನ ಜೊತೆ ಹೋದವು. ಒಂದೆರಡು ಸಲ ಫೋನಿನಲ್ಲಿ ಸಿಕ್ಕಿದರು. ಆಮೇಲೆ ಆ ನಂಬರು ಬೇರೆ ಯಾರದೋ ಆಗಿತ್ತು. ಈಗೆಲ್ಲಿದ್ದಾರೋ, ಪಾಠ ಮಾಡುತ್ತಿದ್ದಾರೋ ಇಲ್ಲವೋ, ಗೊತ್ತಿಲ್ಲ.

ಅತ್ತೆಯ ಕಾರ್ಡು ತೆಗೆದುಕೊಂಡು ಮನೆಗೆ ಬಂದೆ. ನಮ್ಮ ಕಟ್ಟಡದ ಗ್ರೂಪಿನಲ್ಲಿ ಮತ್ತೆ ಅದೇ ನೀರಿನ ಪೋಸ್ಟರ್ ಬಂದಿತ್ತು. ಬೇಸಿಗೆ ಬೇಸಿಗೆಗೆ ಎಲ್ಲಿಂದಲೋ ಬರುತ್ತಲೇ ಇರುತ್ತದೆ. ಅದೇ ನೀಲಿ ಗೆರೆ, ಅದೇ ಸಹಿ. ಈ ಸಲ ಬಲಮೂಲೆಯ ಖಾಲಿ ಜಾಗದಲ್ಲಿ ಯಾರೋ ಒಂದು ಗುಲಾಬಿ ಹೂವಿಟ್ಟು "ಶುಭೋದಯ" ಅಂತ ಬರೆದಿದ್ದರು.

"ಇದು ಸುಳ್ಳು, ನನಗೆ ಗೊತ್ತು" ಅಂತ ಹಾಕಿದೆ. ಮೇಲಿನ ಮನೆಯವರು, "ನಿಮಗೆ ಹೇಗೆ ಗೊತ್ತು ಮೇಡಂ?" ಅಂತ ಕೇಳಿದರು. ಉದ್ದಕ್ಕೆ ಬರೆದು ಕಳಿಸಿದೆ, ಮುದ್ರೆಯ ವಿಷಯ, ಮಿಸ್ಸಿನ ವಿಷಯ, ನನ್ನ ತಪ್ಪು, ಎಲ್ಲ. "ಇರಲಿ, ತುಂಬಿಸಿಟ್ರೆ ನಷ್ಟ ಏನು" ಅಂತ ಇನ್ಯಾರೋ ಹಾಕಿದರು. ಐದು ಜನ ಅದಕ್ಕೆ ಕೈ ಮುಗಿಯುವ ಇಮೋಜಿ ಹಾಕಿದರು.

ಮೇಲೆ ಡ್ರಮ್ಮಿಗೆ ನೀರು ಬೀಳುವ ಸದ್ದು ಶುರುವಾಯಿತು. ಪಕ್ಕದ ಮನೆಯಲ್ಲೂ. ಸಂಜೆಯೊಳಗೆ ಟ್ಯಾಂಕು ಬರಿದಾಗುತ್ತದೆ, ಅದು ನನಗೆ ಗೊತ್ತು. ಅತ್ತೆಗೆ ಸ್ನಾನಕ್ಕೆ ನೀರು ಬೇಕು.

ಎದ್ದು ಹೋಗಿ ನಾನೂ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟೆ.